ಅಲೆ ಮತ್ತು ಜೀವಕೋಶದ ನಡುವೆ ಜಗದೀಶಚಂದ್ರ ಬೋಸ್

ಕ್ಯಾನ್ಸರ್ ಪೀಡಿತ ಜೀವಕೋಶವನ್ನು ಆರೋಗ್ಯವಂತ ಜೀವಕೋಶದಿಂದ ಬೇರ್ಪಡಿಸಿ ಗುರುತಿಸುವುದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಸೂಕ್ಷ್ಮದರ್ಶಕದ ಮುಂದೆ ಕುಳಿತ ವೈದ್ಯರ ಕಣ್ಣಿಗೆ ಬಿಟ್ಟ ಕೆಲಸ. ಈಚಿನ ದಶಕಗಳಲ್ಲಿ ಪ್ರಯೋಗಾಲಯಗಳು ಇನ್ನೊಂದು ದಾರಿಯನ್ನೂ ಹಿಡಿದಿವೆ. ಅತಿ ದುರ್ಬಲವಾದ ಮೈಕ್ರೋವೇವ್ ಅಲೆಗಳನ್ನು ಜೀವಕೋಶಗಳ ಮೂಲಕ ಹಾಯಿಸುವುದು, ಅಲ್ಲಿ ಅಲೆ ಎಷ್ಟು ನಿಧಾನವಾಯಿತು, ಎಷ್ಟು ಕರಗಿತು ಎಂದು ಅಳೆಯುವುದು, ಆ ಅಳತೆಗಳ ರಾಶಿಯನ್ನು ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಸೋಸಿ ಎರಡು ಗುಂಪು ಮಾಡುವುದು ಈ ವಿಧಾನದ ಸಾರ. ಹೊಸದೆನಿಸುವ ಈ ವಿದ್ಯೆಯ ಎರಡು ಬೇರುಗಳು ಕೋಲ್ಕತ್ತದ ಒಂದೇ ಕಾಲೇಜಿನ ಭೌತಶಾಸ್ತ್ರ ವಿಭಾಗವನ್ನು ತಲುಪುತ್ತವೆ ಎಂಬುದು ಹೆಚ್ಚು ಮಂದಿಗೆ ತಿಳಿದಿಲ್ಲ. ಒಂದು ಬೇರು ಗುರುವಿನದು, ಇನ್ನೊಂದು ಶಿಷ್ಯನದು. ಗುರುವಿನ ಹೆಸರು ಜಗದೀಶಚಂದ್ರ ಬೋಸ್.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್‌ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟ್, ಬ್ರಹ್ಮಸಮಾಜದ ಅನುಯಾಯಿ. ಅಧಿಕಾರಿಗಳ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುವುದು ರೂಢಿಯಾಗಿದ್ದ ಕಾಲದಲ್ಲಿ ಅವರು ಮಗನನ್ನು ಫರೀದ್‌ಪುರದ ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಪಕ್ಕದಲ್ಲಿ ಕುಳಿತವರಲ್ಲಿ ಒಬ್ಬ ತಂದೆಯ ಕಚೇರಿಯ ಮುಸ್ಲಿಂ ಜವಾನನ ಮಗ, ಇನ್ನೊಬ್ಬ ಬೆಸ್ತರ ಹುಡುಗ. ಹೊಳೆ, ಮೀನು, ಹಕ್ಕಿ, ಗಿಡಮರಗಳ ಕಥೆಗಳನ್ನು ಈ ಗೆಳೆಯರಿಂದ ಕೇಳಿದ್ದೇ ತಮಗೆ ಪ್ರಕೃತಿಯ ಮೊದಲ ಪಾಠವಾಯಿತೆಂದು ಬೋಸರು ಮುಂದೆ ಸ್ಮರಿಸಿದ್ದುಂಟು.

1869ರಲ್ಲಿ ಕೋಲ್ಕತ್ತಕ್ಕೆ ಬಂದು ಹೇರ್ ಶಾಲೆ, ಆಮೇಲೆ ಸೇಂಟ್ ಝೇವಿಯರ್ಸ್ ಶಾಲೆ, ಕಾಲೇಜು. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಲ್ಜಿಯಂ ಮೂಲದ ಪಾದ್ರಿ ಲಾಫಾಂಟ್ ಅವರ ತರಗತಿಯ ಪ್ರಯೋಗಗಳು ಹುಡುಗನ ಮನಸ್ಸನ್ನು ಹಿಡಿದವು. ಆದರೆ ಪದವಿಯ ಬಳಿಕ ಅವರು ಹೊರಟದ್ದು ಭೌತಶಾಸ್ತ್ರಕ್ಕಲ್ಲ, ವೈದ್ಯಕೀಯಕ್ಕೆ. 1880ರಲ್ಲಿ ಲಂಡನ್ನಿಗೆ ಹೋಗಿ ವೈದ್ಯ ವಿದ್ಯಾರ್ಥಿಯಾದರು. ಊರಿನಲ್ಲಿಯೇ ಅಂಟಿದ್ದ ಜ್ವರ ಅಲ್ಲಿ ಮತ್ತೆ ಮತ್ತೆ ಮರುಕಳಿಸಿತು. ಶವವಿಚ್ಛೇದನ ಕೊಠಡಿಯ ಗಾಳಿ ಅದನ್ನು ಉಲ್ಬಣಿಸಿತು. ವೈದ್ಯಕೀಯವನ್ನು ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ನಿಸರ್ಗ ವಿಜ್ಞಾನಕ್ಕೆ ಸೇರುವುದು ಅನಿವಾರ್ಯವಾಯಿತು. ಅಲ್ಲಿ ಲಾರ್ಡ್ ರೇಲಿ ಅವರಿಗೆ ಗುರುವಾಗಿ ದೊರೆತರು. 1884ರಲ್ಲಿ ಕೇಂಬ್ರಿಜ್‌ನ ಟ್ರೈಪಾಸ್, ಅದೇ ವರ್ಷ ಲಂಡನ್ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ.

1885ರಲ್ಲಿ ಸ್ವದೇಶಕ್ಕೆ ಮರಳಿದ ಬೋಸರಿಗೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಹಂಗಾಮಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಆಗಿನ ಶಿಕ್ಷಣ ಇಲಾಖೆಯಲ್ಲಿ ಭಾರತೀಯನಿಗೆ ಸಿಗುತ್ತಿದ್ದುದು ಯೂರೋಪಿಯನ್ನನ ಸಂಬಳದ ಮೂರನೇ ಎರಡು ಪಾಲು. ಹಂಗಾಮಿ ಎಂಬ ಕಾರಣಕ್ಕೆ ಅದೂ ಅರ್ಧವಾಯಿತು. ಒಂದೇ ಪಾಠ, ಒಂದೇ ತರಗತಿ, ಸಂಬಳ ಮಾತ್ರ ಮೂರನೇ ಒಂದು ಪಾಲು! ಬೋಸರು ಮನವಿ ಬರೆದು ಕಾಯುತ್ತ ಕೂರಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪಾಠವನ್ನು ಒಂದು ದಿನವೂ ತಪ್ಪಿಸದೆ ಸಂಬಳದ ಚೆಕ್ಕನ್ನು ಮುಟ್ಟದೆ ಮೂರು ವರ್ಷ ಕಳೆದರು. ಆ ಹೊತ್ತಿಗೆ ಮನೆಯ ಸ್ಥಿತಿ ಸುಖದ್ದೇನೂ ಆಗಿರಲಿಲ್ಲ. ಜನರಿಗೆ ಉದ್ಯೋಗ ದೊರಕಿಸಬೇಕೆಂಬ ಹಂಬಲದಿಂದ ತಂದೆ ತೊಡಗಿಸಿದ್ದ ಉದ್ಯಮಗಳು ಕೈಕಚ್ಚಿ ದೊಡ್ಡ ಸಾಲ ತಲೆಯ ಮೇಲಿತ್ತು. 1887ರಲ್ಲಿ ಅಬಲಾ ದಾಸ್ ಅವರೊಡನೆ ಮದುವೆಯೂ ಆಗಿತ್ತು. ಕೊನೆಗೆ ಸರ್ಕಾರವೇ ಮಣಿಯಿತು. ಹುದ್ದೆ ಕಾಯಂ ಆಯಿತು, ಪೂರ್ಣ ಸಂಬಳ ಹಿಂದಿನ ದಿನಾಂಕದಿಂದಲೇ ಕೈಸೇರಿತು. ಆ ಹಣವೆಲ್ಲ ತಂದೆಯ ಸಾಲಕ್ಕೆ ಸಂದಿತು.

ಅಬಲಾ ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಬಂಗಾಳದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯದಿದ್ದ ಕಾಲದಲ್ಲಿ ಅವರು ಮದ್ರಾಸಿಗೆ ಹೋಗಿ ವೈದ್ಯಕೀಯ ಓದಿದ್ದರು. ಅನಾರೋಗ್ಯದಿಂದಾಗಿ ಪದವಿ ಪೂರೈಸಲಾಗಲಿಲ್ಲ. ಹೀಗೆ ವೈದ್ಯರಾಗಬೇಕಿದ್ದು ಆಗದೆ ಹೋದ ಇಬ್ಬರು ಒಂದೇ ಮನೆಯಲ್ಲಿದ್ದರು.

ಜರ್ಮನಿಯ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಲ್ಲಿ ತೋರಿಸಿ, 1894ರ ಜನವರಿಯಲ್ಲಿ ಕಿರಿಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಅವರ ಕೆಲಸವನ್ನು ಕುರಿತು ಆಲಿವರ್ ಲಾಡ್ಜ್ ಪ್ರಕಟಿಸಿದ ಬರಹ ಬೋಸರ ಕೈಸೇರಿತು. ಹರ್ಟ್ಸ್ ಬಳಸಿದ ಅಲೆಗಳು ಉದ್ದವಾದವು. ಅವು ಬೆಳಕಿನಂತೆ ಬಾಗುತ್ತವೆ, ಪ್ರತಿಫಲಿಸುತ್ತವೆ ಎಂದು ತೋರಿಸಲು ಕೋಣೆ ತುಂಬುವ ಉಪಕರಣಗಳು ಬೇಕಾಗಿದ್ದವು. ಅಲೆಯನ್ನೇ ಗಿಡ್ಡಗೊಳಿಸಿದರೆ ಉಪಕರಣವೂ ಮೇಜಿನ ಮೇಲೆ ಕೂರುತ್ತದೆ ಎಂಬುದು ಬೋಸರ ಸರಳ ತರ್ಕ. ಕಾಲೇಜಿನಲ್ಲಿ ಅವರಿಗೆ ಪ್ರಯೋಗಾಲಯವೆಂಬುದಿರಲಿಲ್ಲ. ಇಪ್ಪತ್ತನಾಲ್ಕು ಚದರಡಿಯ ಒಂದು ಚಿಕ್ಕ ಕೋಣೆ, ಸ್ವಂತ ಹಣ, ತಾವೇ ಪಳಗಿಸಿದ ಒಬ್ಬ ತಗಡು ಕೆಲಸದವ, ಇಷ್ಟೇ ಬಂಡವಾಳ. ಮೂವತ್ತಾರನೆಯ ಹುಟ್ಟುಹಬ್ಬದ ದಿನ ಸಂಶೋಧನೆಗೇ ತಮ್ಮನ್ನು ತೊಡಗಿಸಿಕೊಳ್ಳುವ ಸಂಕಲ್ಪ ಮಾಡಿದ ಅವರು ಮುಂದಿನ ಕೆಲವೇ ತಿಂಗಳುಗಳಲ್ಲಿ ಐದು ಮಿಲಿಮೀಟರಿನಷ್ಟು ಗಿಡ್ಡ ಅಲೆಗಳನ್ನು ಹುಟ್ಟಿಸಿದರು. ಇಂದಿನ ಲೆಕ್ಕದಲ್ಲಿ ಅದು ಸೆಕೆಂಡಿಗೆ ಆರು ಸಾವಿರ ಕೋಟಿ ಕಂಪನ, ಅಂದರೆ 60 ಗಿಗಾಹರ್ಟ್ಸ್. ಆ ಪಟ್ಟಿಗೆ ತಂತ್ರಜ್ಞಾನ ಜಗತ್ತು ಮರಳಿ ಬರಲು ಅರ್ಧ ಶತಮಾನ ಹಿಡಿಯಿತು.

ಉಪಕರಣಗಳನ್ನು ನೋಡಿದರೆ ಈಗಲೂ ಸೋಜಿಗವಾಗುತ್ತದೆ. ಅಲೆಯನ್ನು ಸಾಗಿಸಲು ಟೊಳ್ಳು ಲೋಹದ ಕೊಳವೆ, ಹಿಡಿಯಲು ಆಲಿಕೆಯಂಥ ಬಾಯಿ, ಬಾಗಿಸಲು ಗಂಧಕದ ಮಸೂರ ಮತ್ತು ಪಟ್ಟಕ, ತಿರುಗಿಸಲು ಹುರಿಗೊಳಿಸಿದ ಸೆಣಬಿನ ನಾರು. ಅಲೆಯನ್ನು ಒಂದೇ ದಿಕ್ಕಿನ ಕಂಪನಕ್ಕೆ ಒಳಪಡಿಸಲು ಅವರು ರೈಲ್ವೆ ವೇಳಾಪಟ್ಟಿಯ ಪುಸ್ತಕವೊಂದರ ಹಾಳೆಗಳ ನಡುವೆ ತವರದ ತೆಳು ತಗಡು ಸೇರಿಸಿ ಬಳಸಿದರು. ಆ ಕೊಳವೆ ಮತ್ತು ಆಲಿಕೆಗಳನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿ ವೇವ್‌ಗೈಡ್, ಹಾರ್ನ್ ಆಂಟೆನಾ ಎಂದು ಓದುತ್ತಾನೆ.

1895ರಲ್ಲಿ ಕೋಲ್ಕತ್ತದ ಟೌನ್‌ಹಾಲ್‌ನಲ್ಲಿ ನಡೆದ ಸಾರ್ವಜನಿಕ ಪ್ರದರ್ಶನದಲ್ಲಿ ಅಲೆಗಳು ಗೋಡೆಗಳನ್ನು ದಾಟಿ ಹೋಗಿ ದೂರದ ಕೋಣೆಯಲ್ಲಿ ಗಂಟೆ ಬಾರಿಸಿದವು, ಮದ್ದಿನ ಪುಡಿಯನ್ನು ಸಿಡಿಸಿದವು. ನಡುವೆ ನಿಂತಿದ್ದ ಲೆಫ್ಟಿನೆಂಟ್ ಗವರ್ನರ್ ಅವರ ದೇಹವನ್ನೂ ಅಲೆ ಹಾದುಹೋಯಿತೆಂದು ಹೇಳುವುದುಂಟು. ಇದನ್ನು ಅಕ್ಷರಶಃ ನಂಬುವುದು ಕಷ್ಟ. ಇಷ್ಟು ಗಿಡ್ಡ ಅಲೆಗಳನ್ನು ನೀರು ಬೇಗನೆ ನುಂಗಿಬಿಡುತ್ತದೆ, ಮನುಷ್ಯ ದೇಹವಾದರೋ ಬಹುಪಾಲು ನೀರೇ. ಬಹುಶಃ ಅಲೆ ಗವರ್ನರರನ್ನು ಬಳಸಿಕೊಂಡು ಹೋಗಿರಬೇಕು. ಆದರೆ ನೀರಿನ ಈ ಹಸಿವೇ ಮುಂದೆ ಜೀವಕೋಶವನ್ನು ಅಳೆಯುವ ವಿದ್ಯೆಗೆ ಆಧಾರವಾಯಿತು. ಅದಕ್ಕೆ ಆಮೇಲೆ ಬರೋಣ.

1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್‌ನಲ್ಲಿ ಬೋಸರು ಈ ಮೇಜಿನ ಉಪಕರಣವನ್ನು ವಿದ್ವಾಂಸರ ಮುಂದಿಟ್ಟರು. ನಿಸ್ತಂತು ಸಂದೇಶದ ವ್ಯಾಪಾರಕ್ಕೆ ಆಗ ಪೈಪೋಟಿ ಶುರುವಾಗಿತ್ತು. ಹಣವಂತರೊಬ್ಬರು ಪೇಟೆಂಟಿನ ಕಾಗದ ಹಿಡಿದು ಅವರ ಬಳಿ ಬಂದಾಗ ಬೋಸರು ಒಪ್ಪಲಿಲ್ಲ. ಗೆಳೆಯ ರವೀಂದ್ರನಾಥ ಟ್ಯಾಗೋರರಿಗೆ ಬರೆದ ಪತ್ರದಲ್ಲಿ ಆ ದುರಾಸೆಯ ಬಗ್ಗೆ ಅವರ ಅಸಹ್ಯ ವ್ಯಕ್ತವಾಗಿದೆ. ಅವರು 1899ರಲ್ಲಿ ಪ್ರಕಟಿಸಿದ ಪಾದರಸದ ಗ್ರಾಹಕವೇ ಮಾರ್ಕೋನಿಯ 1901ರ ಅಟ್ಲಾಂಟಿಕ್ ಪ್ರಯೋಗದಲ್ಲಿ ಬಳಕೆಯಾಯಿತೆಂದು ಸಂಶೋಧಕರು 1990ರ ದಶಕದಲ್ಲಿ ದಾಖಲೆ ಸಹಿತ ವಾದಿಸಿದರು. ರೇಡಿಯೊ ಕಂಡುಹಿಡಿದವರು ಯಾರೆಂಬ ಜಗಳಕ್ಕೆ ನಮ್ಮಲ್ಲಿ ಇಂದಿಗೂ ಬಿಡುವಿಲ್ಲ. ಬೋಸರ ಮುಖ್ಯ ಸಾಧನೆ ಅದಲ್ಲವೆಂದೇ ತೋರುತ್ತದೆ. ಸಂದೇಶ ಕಳುಹಿಸುವುದು ಅವರ ಆಸಕ್ತಿಯಾಗಿರಲಿಲ್ಲ; ವಸ್ತುವಿನೊಳಗೆ ಅಲೆಗೆ ಏನಾಗುತ್ತದೆ ಎಂಬುದೇ ಅವರ ಪ್ರಶ್ನೆ. ಗಂಧಕ, ಗಾಜು, ಹರಳು, ಸೆಣಬು, ಕೂದಲು, ಹೀಗೆ ಒಂದೊಂದನ್ನೂ ಅಲೆಯ ದಾರಿಯಲ್ಲಿಟ್ಟು ಅಳೆದರು. ಇಂದಿನ ಮೈಕ್ರೋವೇವ್ ಸಂವೇದಕ ಮಾಡುವುದೂ ಅದನ್ನೇ.

ಗೆಳೆಯರಾದ ಸಾರಾ ಬುಲ್ ಮತ್ತು ಸೋದರಿ ನಿವೇದಿತಾ ಅವರ ಒತ್ತಾಯಕ್ಕೆ ಮಣಿದು ಅವರು ಪಡೆದ ಅಮೆರಿಕದ ಪೇಟೆಂಟೊಂದಿದೆ. 1901ರಲ್ಲಿ ಅರ್ಜಿ, 1904ರ ಮಾರ್ಚ್‌ನಲ್ಲಿ ಮಂಜೂರಾತಿ. ಸೀಸದ ಅದಿರಾದ ಗೆಲೀನಾ ಹರಳನ್ನು ಅಲೆಗ್ರಾಹಕವಾಗಿ ಬಳಸುವ ಆ ಸಾಧನವನ್ನು ಅರೆವಾಹಕ ಉಪಕರಣಕ್ಕೆ ದೊರೆತ ಜಗತ್ತಿನ ಮೊದಲ ಪೇಟೆಂಟ್ ಎಂದು ಪರಿಗಣಿಸುತ್ತಾರೆ. ಅದರಿಂದ ಬೋಸರು ಲಾಭ ಪಡೆಯಲಿಲ್ಲ, ಅದು ಹಾಗೆಯೇ ಕಾಲಾತೀತವಾಯಿತು.

ಅಷ್ಟರಲ್ಲಿ ಅವರ ಮನಸ್ಸು ಬೇರೆಡೆಗೆ ಹೊರಳಿತ್ತು. ಅಲೆಗ್ರಾಹಕಗಳನ್ನು ಸತತವಾಗಿ ಬಳಸಿದಾಗ ಅವು ಮಂದವಾಗುವುದನ್ನೂ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಬೋಸರು ಗಮನಿಸಿದರು. ಆ ಏರಿಳಿತದ ರೇಖೆ ದಣಿದ ಸ್ನಾಯುವಿನ ರೇಖೆಯನ್ನು ಹೋಲುತ್ತಿತ್ತು. ಲೋಹ, ಸಸ್ಯ, ಪ್ರಾಣಿ ಮೂರಕ್ಕೂ ಪ್ರಚೋದನೆ ನೀಡಿ, ವಿಷ ಉಣಿಸಿ, ಮಂಪರು ಮದ್ದು ಕೊಟ್ಟು, ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸಿದರು. 1900ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಭೌತಶಾಸ್ತ್ರ ಸಮ್ಮೇಳನದಲ್ಲಿ ಈ ವಿಚಾರ ಮಂಡಿಸಿದಾಗ ಕುತೂಹಲವೂ ಬೆರಗೂ ಹುಟ್ಟಿದವು. 1901ರ ಜೂನ್‌ನಲ್ಲಿ ರಾಯಲ್ ಸೊಸೈಟಿಯ ಮುಂದೆ ಮಾತ್ರ ಕಥೆ ಬೇರೆಯಾಯಿತು. ಶರೀರಕ್ರಿಯಾ ಶಾಸ್ತ್ರದ ಹಿರಿಯರಾದ ಬರ್ಡನ್ ಸ್ಯಾಂಡರ್ಸನ್, ಭೌತಶಾಸ್ತ್ರಜ್ಞ ತನ್ನ ಕ್ಷೇತ್ರಕ್ಕೆ ಮರಳುವುದು ಲೇಸೆಂದೂ, ಸಾಮಾನ್ಯ ಸಸ್ಯಗಳಿಂದ ವಿದ್ಯುತ್ ಪ್ರತಿಕ್ರಿಯೆ ಬರುವುದನ್ನು ಒಪ್ಪಲಾಗದೆಂದೂ ಸೂಚಿಸಿದರು. ಪ್ರಬಂಧದ ಶೀರ್ಷಿಕೆಯನ್ನಾದರೂ ಬದಲಿಸುವಂತೆ ಬಂದ ಸಲಹೆಯನ್ನು ಬೋಸರು ನಿರಾಕರಿಸಿದರು. ಪ್ರಬಂಧ ಅಚ್ಚಾಗದೆ ಸೊಸೈಟಿಯ ದಫ್ತರಕ್ಕೆ ಸೇರಿತು.

ಸುಲಭವಾದ ದಾರಿ ಎದುರಿಗೇ ಇತ್ತು. ಅಲೆಗಳ ಕೆಲಸಕ್ಕೆ ಮರಳಿದ್ದರೆ ಯೂರೋಪು ಅವರನ್ನು ತೆರೆದ ತೋಳಿನಿಂದ ಸ್ವಾಗತಿಸುತ್ತಿತ್ತು. ಅವರು ಇಂಗ್ಲೆಂಡಿನಲ್ಲೇ ಉಳಿದು ಪ್ರಯೋಗ ಮುಂದುವರಿಸಿದರು. ಖರ್ಚಿಗೆ ಟ್ಯಾಗೋರರು ತ್ರಿಪುರಾದ ಮಹಾರಾಜರಿಂದ ನೆರವು ಕೊಡಿಸಿದರು. 1902ರಲ್ಲಿ ಲಿನಿಯನ್ ಸೊಸೈಟಿ ಅವರ ಸಸ್ಯ ಪ್ರಯೋಗಗಳನ್ನು ಒಪ್ಪಿ ಪ್ರಕಟಿಸಿತು. ಅದೇ ವರ್ಷ ಜೀವಿ ಮತ್ತು ನಿರ್ಜೀವಗಳ ಪ್ರತಿಕ್ರಿಯೆಯನ್ನು ಕುರಿತ ಅವರ ಗ್ರಂಥ ಹೊರಬಂತು. ಮುಂದಿನ ಮೂರೂವರೆ ದಶಕ ಅವರು ಸಸ್ಯಗಳೊಡನೆಯೇ ಇದ್ದರು. ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಈ ಕಾಲದ್ದು. 1915ರಲ್ಲಿ ಕಾಲೇಜಿನಿಂದ ನಿವೃತ್ತಿ, 1917ರಲ್ಲಿ ಸರ್ ಪದವಿ, ಅದೇ ವರ್ಷದ ತಮ್ಮ ಹುಟ್ಟುಹಬ್ಬದಂದು ಕೋಲ್ಕತ್ತದಲ್ಲಿ ಬೋಸ್ ಸಂಸ್ಥೆಯ ಸ್ಥಾಪನೆ. 1920ರಲ್ಲಿ, ಉಪಕರಣದ ಸಾಚಾತನವನ್ನು ಲಂಡನ್ನಿನ ತಜ್ಞರ ಕಣ್ಣೆದುರು ಮತ್ತೊಮ್ಮೆ ತೋರಿಸಿದ ಮೇಲೆ, ಅದೇ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿಕೊಂಡಿತು.

ಬೋಸರ ಸಸ್ಯವಿಜ್ಞಾನವನ್ನು ಹೊಗಳುವವರೂ ಅಲ್ಲಗಳೆಯುವವರೂ ಇದ್ದಾರೆ. ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆ ಎಂಬುದು ಇಂದು ತಕರಾರಿಲ್ಲದ ಸಂಗತಿ. ಲೋಹಕ್ಕೂ ಜೀವಿಗೂ ಗೆರೆಯೇ ಇಲ್ಲವೆಂಬಂತೆ ಅವರು ಮುಂದುವರಿದದ್ದು ಪ್ರಮಾಣ ಮೀರಿದ ಮಾತೆಂದೇ ವಿಜ್ಞಾನ ತೀರ್ಮಾನಿಸಿತು. ಅವರ ಬಲವೂ ಮಿತಿಯೂ ಒಂದೇ ಕಡೆ ಇದ್ದವೆಂದು ಕಾಣುತ್ತದೆ. ಅವರು ನಂಬಿದ್ದು ಉಪಕರಣದ ಸೂಕ್ಷ್ಮತೆಯನ್ನು. ಅವರ ಗ್ರಂಥಗಳಲ್ಲಿ ಕಾಣುವುದು ಬಹುಮಟ್ಟಿಗೆ ಒಂದೊಂದು ಎಲೆ, ಒಂದೊಂದು ತಂತಿ ಬರೆದ ರೇಖೆ. ಜೀವಿಗಳಾದರೋ ಒಂದರಂತೆ ಇನ್ನೊಂದಿರುವುದಿಲ್ಲ. ನೂರು ಎಲೆಗಳ ಉತ್ತರ ನೂರು ಬಗೆಯಾಗಿ ಚದುರಿದಾಗ ಯಾವ ವ್ಯತ್ಯಾಸ ನಿಜ, ಯಾವುದು ಆಕಸ್ಮಿಕ ಎಂದು ಹೇಳುವ ಗಣಿತ ಆಗಿನ್ನೂ ರೂಪುಗೊಳ್ಳುತ್ತಿತ್ತು.

ಆ ಗಣಿತಕ್ಕೆ ದೊಡ್ಡ ಕೊಡುಗೆ ಬಂದದ್ದು ಅವರ ತರಗತಿಯಿಂದಲೇ. 1912ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಭೌತಶಾಸ್ತ್ರದಲ್ಲಿ ಆನರ್ಸ್ ಪಡೆದ ಪ್ರಶಾಂತಚಂದ್ರ ಮಹಲನೋಬಿಸ್ ಬೋಸರ ವಿದ್ಯಾರ್ಥಿ. ಕೇಂಬ್ರಿಜ್‌ನಲ್ಲಿ ಓದಿ ಬಂದು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿದ ಅವರು ಸಂಖ್ಯಾಶಾಸ್ತ್ರಕ್ಕೆ ಮನಸೋತರು. 1931ರಲ್ಲಿ ಸ್ಥಾಪಿತವಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮೊದಲು ಕಣ್ಣು ಬಿಟ್ಟದ್ದು ಆ ವಿಭಾಗದ ಕೋಣೆಯಲ್ಲೇ. ಜನಸಮುದಾಯಗಳ ದೇಹದ ಅಳತೆಗಳನ್ನು ಹೋಲಿಸುವ ಕೆಲಸದಲ್ಲಿ ಅವರಿಗೆ ಒಂದು ತೊಡಕು ಎದುರಾಯಿತು. ತಲೆಯ ಉದ್ದ, ಅಗಲ, ಎತ್ತರ ಇವೆಲ್ಲ ಒಂದಕ್ಕೊಂದು ಅಂಟಿಕೊಂಡೇ ಏರಿಳಿಯುತ್ತವೆ. ಬಿಡಿಬಿಡಿಯಾಗಿ ಕಳೆದು ಕೂಡಿದರೆ ಒಂದೇ ವ್ಯತ್ಯಾಸವನ್ನು ಹತ್ತು ಸಲ ಎಣಿಸಿದಂತೆ. ಅಳತೆಗಳ ಪರಸ್ಪರ ನಂಟನ್ನೂ ಚದುರುವಿಕೆಯನ್ನೂ ಲೆಕ್ಕಕ್ಕೆ ಹಿಡಿದು ಎರಡು ಗುಂಪುಗಳ ನಡುವಿನ ದೂರವನ್ನು ಹೇಳುವ ಸೂತ್ರವನ್ನು ಅವರು ಬೆಳೆಸಿದರು. 1936ರಲ್ಲಿ ಪ್ರಕಟವಾದ ಅದರ ಪೂರ್ಣ ರೂಪ ಇಂದು ಜಗತ್ತಿನಾದ್ಯಂತ ಮಹಲನೋಬಿಸ್ ದೂರ ಎಂದೇ ಪ್ರಸಿದ್ಧ. ಮರುವರ್ಷ, 1937ರ ನವೆಂಬರ್ 23ರಂದು, ಗಿರಿಡಿಯಲ್ಲಿ ಬೋಸರು ನಿಧನರಾದರು. ಎಪ್ಪತ್ತೊಂಬತ್ತು ತುಂಬಲು ಒಂದು ವಾರ ಬಾಕಿಯಿತ್ತು.

ಅಲೆಯನ್ನೂ ಜೀವವನ್ನೂ ಒಟ್ಟಿಗೆ ತಂದು ನೋಡುವ ಪ್ರಯತ್ನವನ್ನು ಬೋಸರು ಮಾಡದೇ ಇರಲಿಲ್ಲ. ತಮ್ಮ ಸಂಸ್ಥೆಯಲ್ಲಿ ನಿಸ್ತಂತು ಅಲೆಗಳು ಗಿಡದ ಬೆಳವಣಿಗೆಯನ್ನು ಹೇಗೆ ಬದಲಿಸುತ್ತವೆ ಎಂದು ಪರೀಕ್ಷಿಸಿದ್ದರು. ಅಲ್ಲಿ ಅಲೆ ಪ್ರಚೋದನೆಯಾಗಿತ್ತು, ಅಳತೆಗೋಲಾಗಿರಲಿಲ್ಲ. ಅಳತೆಗೋಲಾಗಿಸುವ ಕೆಲಸ ಇತರೆಡೆ ಶುರುವಾಯಿತು. ಅಮೆರಿಕದಲ್ಲಿ ಹ್ಯೂಗೋ ಫ್ರಿಕ್ ಮತ್ತು ಸ್ಟರ್ನ್ ಮೋರ್ಸ್ 1926ರಲ್ಲಿ ಸ್ತನದ ಗಂಟುಗಳ ವಿದ್ಯುತ್ ಗುಣವನ್ನು ಅಳೆದು, ಮಾರಕ ಗಂಟಿನಲ್ಲಿ ಅದು ಭಿನ್ನವಾಗಿರುವುದನ್ನು ವರದಿ ಮಾಡಿದರು. ಅವರು ಬಳಸಿದ್ದು ಕಡಿಮೆ ಕಂಪನದ ವಿದ್ಯುತ್ತು. ಅದಕ್ಕೆ ಜೀವಕೋಶದ ಪೊರೆ ಗೋಡೆಯಾಗಿ ಅಡ್ಡ ನಿಲ್ಲುತ್ತದೆ. ಮೈಕ್ರೋವೇವ್ ಅಲೆಗೆ ಪೊರೆ ಹೆಚ್ಚಿನ ತಡೆಯಲ್ಲ. ಅದು ಒಳಹೊಕ್ಕು ಕೋಶದೊಳಗಿನ ನೀರು, ಲವಣ, ಪ್ರೋಟೀನುಗಳ ಸುದ್ದಿ ತರುತ್ತದೆ. ಕ್ಯಾನ್ಸರ್ ಅಂಗಾಂಶದಲ್ಲಿ ಸಾಮಾನ್ಯವಾಗಿ ನೀರಿನಂಶ ಹೆಚ್ಚು, ನೀರು ಕಟ್ಟಿಕೊಂಡಿರುವ ಬಗೆಯೂ ಬೇರೆ.

ಈಗಿನ ಸಂವೇದಕ ಬೆರಳಗಲದ ಲೋಹದ ವಿನ್ಯಾಸ. ಅದಕ್ಕೆ ತನ್ನದೇ ಆದ ಶ್ರುತಿಯಿರುತ್ತದೆ. ಮೃದಂಗದ ಎಡ ಮುಚ್ಚಳಿಕೆಗೆ ರವೆಯ ಮುದ್ದೆ ಮೆತ್ತಿದಾಗ ನಾದ ಇಳಿಯುವಂತೆ, ಜೀವಕೋಶಗಳಿರುವ ದ್ರವದ ಹನಿಯನ್ನಿಟ್ಟಾಗ ಈ ಶ್ರುತಿ ಇಳಿಯುತ್ತದೆ, ಮೊನಚೂ ಮಂದವಾಗುತ್ತದೆ. ಕೂದಲೆಳೆಯಂಥ ಕಾಲುವೆಯಲ್ಲಿ ಕೋಶಗಳನ್ನು ಒಂದೊಂದಾಗಿ ಹರಿಸಿ ಅಳೆಯುವ ಸಾಧನಗಳೂ ಇವೆ.

ಆದರೆ ವ್ಯತ್ಯಾಸ ಎಷ್ಟು? ಅಮೆರಿಕದ ವಿಸ್ಕಾನ್ಸಿನ್ ಮತ್ತು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯಗಳ ತಂಡ ಶಸ್ತ್ರಚಿಕಿತ್ಸೆಗಳಲ್ಲಿ ದೊರೆತ ಸ್ತನದ ಅಂಗಾಂಶಗಳನ್ನು 0.5ರಿಂದ 20 ಗಿಗಾಹರ್ಟ್ಸ್‌ವರೆಗೆ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅನೇಕರ ಉತ್ಸಾಹವನ್ನು ತಣಿಸಿತು. ಕೊಬ್ಬಿನ ಅಂಗಾಂಶಕ್ಕೂ ಕ್ಯಾನ್ಸರಿಗೂ ಹತ್ತು ಪಟ್ಟಿನವರೆಗೆ ಅಂತರವಿದ್ದರೆ, ಆರೋಗ್ಯವಂತ ಗ್ರಂಥಿ ಅಂಗಾಂಶಕ್ಕೂ ಕ್ಯಾನ್ಸರಿಗೂ ಇದ್ದ ಅಂತರ ಸುಮಾರು ಶೇ 10 ಮಾತ್ರ. ಒಂದು ಕಂಪನದಲ್ಲಿ ತೆಗೆದ ಒಂದು ಅಳತೆ ಇಲ್ಲಿ ಏನನ್ನೂ ನಿರ್ಧರಿಸಲಾರದು. ಹಾಗಾಗಿ ನೂರಾರು ಕಂಪನಗಳಲ್ಲಿ ಅಳೆಯುತ್ತಾರೆ. ಅಕ್ಕಪಕ್ಕದ ಕಂಪನಗಳ ಅಳತೆಗಳು ಜೊತೆಜೊತೆಯಾಗಿ ಏರಿಳಿಯುವುದರಿಂದ ಮಹಲನೋಬಿಸ್ ಎದುರಿಸಿದ ತೊಡಕೇ ಮತ್ತೆ ಎದುರು ನಿಲ್ಲುತ್ತದೆ. ಪರಿಚಿತ ಕೋಶಗಳ ಎರಡು ಗುಂಪುಗಳನ್ನು ಮೊದಲು ಅಳೆದಿಟ್ಟುಕೊಂಡು, ಹೊಸ ಕೋಶ ಯಾವ ಗುಂಪಿನಿಂದ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುವಲ್ಲಿ ಅವರ ಸೂತ್ರವೂ ಅದರ ಬಂಧುಗಳಾದ ಇತರ ಸೂತ್ರಗಳೂ ಕೆಲಸ ಮಾಡುತ್ತವೆ. ಈಚೆಗೆ ಕಂಪ್ಯೂಟರ್ ಕಲಿಕೆಯ ವಿಧಾನಗಳೂ ಸೇರಿಕೊಂಡಿವೆ.

ಇದು ಬಯಾಪ್ಸಿಯನ್ನು ಬದಿಗೊತ್ತುವ ಹಂತಕ್ಕೆ ಬಂದಿಲ್ಲ. ನೀರಿನ ಗುಣ ತಾಪಮಾನದೊಡನೆ ಬದಲಾಗುತ್ತದೆ; ಹನಿ ಸ್ವಲ್ಪ ಬೆಚ್ಚಗಾದರೂ ರೋಗದಿಂದ ಬಂದ ವ್ಯತ್ಯಾಸ ಅದರಲ್ಲಿ ಮುಳುಗಿಹೋಗಬಹುದು. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ದೊರೆತ ಸ್ಪಷ್ಟತೆ ರೋಗಿಯ ಅಂಗಾಂಶದಲ್ಲಿ ದೊರೆಯುವುದು ಕಷ್ಟ. ಗಂಟು ಮಾರಕವೇ ಅಲ್ಲವೇ ಎಂಬ ಕೊನೆಯ ಮಾತನ್ನು ಇಂದಿಗೂ ಹೇಳುವುದು ಸೂಕ್ಷ್ಮದರ್ಶಕದ ಮುಂದೆ ಕುಳಿತ ವೈದ್ಯರೇ. ಬೋಸರ ಮಿಲಿಮೀಟರ್ ಅಲೆಯ ಪ್ರಯೋಗಗಳನ್ನು ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ 2012ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು. ಆ ಪ್ರಯೋಗಗಳ ಮೂಲ ಉಪಕರಣಗಳು ಕೋಲ್ಕತ್ತದ ಬೋಸ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿವೆ.